ಕೆನಾಲ್ ದಂಡಿಗುಂಟ ಬರ್ರಿ

ಹೋದ ತಿಂಗಳು ಮೊಣಕಾಲು ತೋರಿಸಲಿಕ್ಕೆ ಲಂಡನ್ನಿನ ಪಾರ್ಕ್ ರಾಯಲ್ ಕಡೆಯ ಆಸ್ಪತ್ರೆಗೆ ಹೋಗಬೇಕಾಗಿ ಬಂತು. ನಮ್ಮ ಜಿಪಿ ಡಾಕ್ಟರು ಕೊಟ್ಟ ಕಾಗದದಲ್ಲಿ ಆ ಹೆಸರು ಓದಿದಾಗ, ಬೇರೆ ಎಲ್ಲಿಗಾದರೂ ಹಾಕಿಕೊಡಿ ಅಂತ ಕೇಳೋಣವೆನ್ನಿಸಿತು. ಕೇಳಿದರೆ ಕಾರಣ ಹೇಳಬೇಕು. ಸುಮ್ಮನೆ ಹೋದೆ. ಬಸ್ಸಿನಿಂದ ಇಳಿಯುತ್ತಲೇ ಮೂಗಿಗೆ ಬಡಿದದ್ದು ಉಳ್ಳಾಗಡ್ಡಿ ಹುರಿಯುವ ವಾಸನೆ. ಮನೆಯಲ್ಲಿ ಎರಡು ಉಳ್ಳಾಗಡ್ಡಿ ಹುರಿದಾಗ ಬರುವಂಥದ್ದಲ್ಲ, ಚೀಲಗಟ್ಟಲೆ ಒಮ್ಮೆಗೇ ಹುರಿದಾಗ ಇಡೀ ಓಣಿಗೆ ಹಬ್ಬುವಂಥದ್ದು. ಅದರ ಹಿಂದೆ ಲಾರಿಯ ಡೀಸೆಲ್ಲು, ಅದರ ಹಿಂದೆ ಕೆನಾಲಿನಲ್ಲಿ ಕೊಳೆತ ಎಲೆಯ ತಣ್ಣನೆಯ ನಾತ. ಆಸ್ಪತ್ರೆಗೆ ಹೋಗುವ ಬದಲು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತುಬಿಟ್ಟೆ. ಆರು ವರ್ಷದ ಹಿಂದಿನ ಆ ಚಳಿಗಾಲ ಪೂರ್ತಿ, ನವೆಂಬರಿನಿಂದ ಫೆಬ್ರುವರಿಯವರೆಗೆ, ಒಂದು ದಿನವೂ ಬಿಡದೆ ಕಣ್ಣ ಮುಂದೆ ಬಂತು.

ಆಗ ನಾನು ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿದ್ದೆ. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ತಯಾರಿ ಊಟ ಮಾಡುವ ಜಾಗ. ಒಂದು ಬದಿ ರಸ್ತೆ, ಇನ್ನೊಂದು ಬದಿ ಕೆನಾಲು. ಒಳಗೆ ಸದಾ ಫ್ರಿಜ್ಜಿನಷ್ಟೇ ಚಳಿ. ಬೆಲ್ಟಿನ ಮೇಲೆ ಡಬ್ಬಿ ಬರುತ್ತದೆ. ಒಬ್ಬರು ಅನ್ನ ಹಾಕಬೇಕು, ಒಬ್ಬರು ಸಾರು, ಒಬ್ಬರು ಮೇಲೆ ಕೊತ್ತಂಬರಿ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ನಮ್ಮ ಶಿಫ್ಟು. ಧಾರವಾಡದಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಇಲ್ಲಿ ಎಂಟು ವರ್ಷ ಕೊತ್ತಂಬರಿ ಹಾಕಿದೆ. ಆ ಸೆಪ್ಟೆಂಬರಿನಲ್ಲಿ ನನ್ನನ್ನು ಆ ಬೆಲ್ಟಿಗೆ ಲೈನ್ ಲೀಡರ್ ಮಾಡಿದರು. ಬಿಳಿ ಟೊಪ್ಪಿಗೆ ಹೋಗಿ ಹಸಿರು ಟೊಪ್ಪಿಗೆ ಬಂತು. ಆ ಟೊಪ್ಪಿಗೆಯನ್ನು ನಾನು ಎಷ್ಟು ಪ್ರೀತಿಸಿದೆ ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲ ದಿನ ಮನೆಗೆ ತಂದು ಗಂಡನಿಗೆ ತೋರಿಸಿದೆ. ಬಚ್ಚಲಲ್ಲಿ ಕನ್ನಡಿ ಮುಂದೆ ನಿಂತು ಒಮ್ಮೆ ಹಾಕಿಕೊಂಡೂ ನೋಡಿದೆ.

ನನ್ನ ಪಕ್ಕದಲ್ಲಿ ಎಂಟೂ ವರ್ಷ ನಿಂತವರು ಗ್ಲ್ಯಾಡಿಸ್ ಬಾಯಿ. ಬ್ರಹ್ಮಾವರದ ಹತ್ತಿರದ ಹೊಳೆಬದಿಯ ಊರು. ಐವತ್ತೆರಡು ವಯಸ್ಸು, ಗಿಡ್ಡ ಮೈಕಟ್ಟು, ದೊಡ್ಡ ನಗು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಅವರ ಕನ್ನಡ ನನಗೂ ನನ್ನದು ಅವರಿಗೂ ಮೊದಲ ವರ್ಷ ತಮಾಷೆಯಾಗಿತ್ತು. ನಾನು 'ಐತಿ' ಅಂದರೆ ಅವರು 'ಉಂಟು' ಅಂತ ತಿದ್ದುತ್ತಿದ್ದರು. ಗಂಡ ಡೆನಿಸ್ ಅವರು ಒಂದು ಶಾಲೆಯಲ್ಲಿ ಕೇರ್‌ಟೇಕರ್, ಮಗಳು ರೀನಾ ಆಗ ನರ್ಸಿಂಗ್ ಓದುತ್ತಿದ್ದಳು. ಆಲ್ಪರ್ಟನ್‌ನಲ್ಲಿ ಕೆನಾಲಿಗೆ ಹತ್ತಿರದ ಕೌನ್ಸಿಲ್ ಫ್ಲಾಟು. ನಾನು ಹಸಿರು ಟೊಪ್ಪಿಗೆ ಹಾಕಿಕೊಂಡು ಬಂದ ದಿನ ಗ್ಲ್ಯಾಡಿಸ್ ಬಾಯಿ ಚಪ್ಪಾಳೆ ತಟ್ಟಿ, "ಇನ್ನು ನಮಗೆ ಹೆದರಿಕೆ ಇಲ್ಲ ಮಾರಾಯ್ತಿ, ನಮ್ಮವಳೇ ದೊರೆ" ಅಂದರು.

ನವೆಂಬರಿನಲ್ಲಿ ಮೊದಲ ಬಿರುಗಾಳಿ ಬಂತು. ಲಂಡನ್ನಿನ ಗಾಳಿಗೆ ನಾವು ಅಲ್ಲಿಯವರೆಗೆ ಅಂಥ ಬೆಲೆ ಕೊಟ್ಟವರಲ್ಲ. ಮಳೆ ಅಡ್ಡಡ್ಡ ಬೀಳುತ್ತದೆ, ಛತ್ರಿ ತಿರುಗಿ ಹೂವಾಗುತ್ತದೆ, ಅಷ್ಟೇ. ಆ ಸಲ ಪಕ್ಕದ ಗೋದಾಮಿನ ಚಾವಣಿಯ ತಗಡೊಂದು ಎದ್ದು, ಹಪ್ಪಳದ ಹಾಗೆ ತೇಲಿ ಬಂದು, ನಮ್ಮ ಪಾರ್ಕಿಂಗಿನಲ್ಲಿ ನಿಂತಿದ್ದ ವ್ಯಾನಿನ ತಲೆ ಸೀಳಿತು. ಒಳಗೆ ಯಾರೂ ಇರಲಿಲ್ಲ. ಆದರೂ ಹೆದರಿಕೊಂಡ ಫ್ಯಾಕ್ಟರಿಯವರು ಫೈರ್ ಬ್ರಿಗೇಡಿನ ಒಬ್ಬರನ್ನು ಕರೆಸಿ, ಚಳಿಗಾಲದಲ್ಲಿ ಜೋಪಾನವಾಗಿರುವುದು ಹೇಗೆ ಅಂತ ಅರ್ಧ ತಾಸಿನ ಮಾತು ಇಟ್ಟರು.

ಕ್ಯಾಂಟೀನಿನಲ್ಲಿ ಕೂತು ಕೇಳಿದೆವು. ಕೆಂಪು ಮುಖದ ವಯಸ್ಸಾದ ಮನುಷ್ಯ, ನಿಧಾನಕ್ಕೆ ಮಾತಾಡುತ್ತಿದ್ದ. ಗಾಳಿ ಜೋರಿದ್ದಾಗ ಮರದ ಕೆಳಗೆ, ಕಾಂಪೌಂಡ್ ಗೋಡೆಯ ಪಕ್ಕ ನಡೆಯಬೇಡಿ ಅಂದ. ನಮ್ಮಲ್ಲಿ ಬಹಳ ಜನ ಹಿಂದಿನ ಗೇಟಿನಿಂದ ಕೆನಾಲಿನ ದಾರಿ ಹಿಡಿಯುತ್ತಿದ್ದುದರಿಂದ ನೀರಿನ ವಿಷಯವನ್ನೇ ಹೆಚ್ಚು ಹೇಳಿದ. ಚಳಿಗಾಲದ ನೀರಿಗೆ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರು ನಿಮ್ಮ ಮಾತು ಕೇಳುವುದಿಲ್ಲ. ಆಗ ಈಜಲು ಹೋಗಬೇಡಿ. ತಲೆ ಹಿಂದಕ್ಕೆ ಹಾಕಿ, ಕಿವಿ ನೀರಿನಲ್ಲಿ ಮುಳುಗಲಿ, ಕೈಕಾಲು ಚಾಚಿ ಸುಮ್ಮನೆ ತೇಲಿ. ದಂಡೆಯಲ್ಲಿದ್ದವರು ಬಿದ್ದವರ ಹಿಂದೆ ನೀರಿಗೆ ಹಾರಬೇಡಿ, ಒಂದು ಹೆಣದ ಬದಲು ಎರಡಾಗುತ್ತವೆ. ನೆಲದ ಮೇಲೆ ಮಲಗಿ ಏನಾದರೂ ಎಸೆಯಿರಿ.

ನಮ್ಮವರೆಲ್ಲ ಫೋನು ನೋಡುತ್ತಿದ್ದರು. ಗ್ಲ್ಯಾಡಿಸ್ ಬಾಯಿ ಮಾತ್ರ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಅವರ ಅಣ್ಣ ದೋಣಿ ನಡೆಸುವವರು. ನೀರು ಅಂದರೆ ಅವರಿಗೆ ಆಟವಲ್ಲ. ಕೊನೆಗೆ ಶಾಲೆಯ ಹುಡುಗಿಯಂತೆ ಕೈ ಎತ್ತಿ, ತಮ್ಮ ಇಂಗ್ಲಿಷಿನಲ್ಲಿ ಕೇಳಿದರು: "ಎತ್ತಿ ಹೊರಗೆ ಹಾಕಿದ ಮೇಲೆ ಎಂತ ಮಾಡುವುದು?"

ಆತನ ಮುಖ ಅರಳಿತು. "ಇದನ್ನು ಯಾರೂ ಕೇಳುವುದೇ ಇಲ್ಲ" ಅಂದ.

ಅಷ್ಟರಲ್ಲಿ ನಾನು ಎದ್ದು ನಿಂತು ಗೋಡೆಯ ಗಡಿಯಾರ ತೋರಿಸಿದೆ. ಲೈನ್ ಶುರುವಾಗಲಿಕ್ಕೆ ನಾಲ್ಕು ನಿಮಿಷವಿತ್ತು. ಟೊಪ್ಪಿಗೆ, ಬೂಟು, ಕೈ ತೊಳೆಯುವುದು ಎಲ್ಲ ಆಗಬೇಕು. ಬಾಗಿಲಲ್ಲಿ ನಿಂತಿದ್ದ ಶಿಫ್ಟ್ ಮ್ಯಾನೇಜರ್ ಗ್ರೆಗ್ ನನ್ನ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದ. ಆ ಮನುಷ್ಯ ಬೇಸರ ಮಾಡಿಕೊಳ್ಳಲಿಲ್ಲ. "ಎಲ್ಲ ಇದರಲ್ಲಿದೆ" ಅಂತ ಒಂದು ಹಾಳೆ ಕೊಟ್ಟು ಹೋದ. ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದವಳು ನಾನೇ. ಮರುವಾರ ಶಿಫ್ಟಿನ ಪಟ್ಟಿಗೆ ಜಾಗ ಸಾಲದೆ, ಪಟ್ಟಿಯನ್ನು ಆ ಹಾಳೆಯ ಮೇಲೆಯೇ ಚುಚ್ಚಿದವಳೂ ನಾನೇ.

ಡಿಸೆಂಬರ್ ಅಂದರೆ ಕ್ರಿಸ್ಮಸ್ಸಿನ ಆರ್ಡರು. ಬೆಲ್ಟಿನ ವೇಗ ಹೆಚ್ಚಿಸಿದರು. ಮಧ್ಯದಲ್ಲಿ ಎರಡನೆಯ ಗಾಳಿ ಬಂತು, ಹಿಮದ ಜೊತೆಗೆ. ಟ್ಯೂಬ್ ರೈಲು ನಿಂತು ಗ್ಲ್ಯಾಡಿಸ್ ಬಾಯಿಗೆ ಒಂದು ದಿನ ಬರಲಾಗಲಿಲ್ಲ. ನಮ್ಮಲ್ಲಿ ಹೇಳದೆ ಕೇಳದೆ ತಪ್ಪಿಸಿದರೆ ಒಂದು ಕರಿ ಗುರುತು. ಮೂರಾದರೆ ಕೆಲಸ ಹೋಗುತ್ತದೆ. ಅವರು ಫೋನು ಮಾಡಿ ಹೇಳಿದ್ದರು, ಆದರೆ ಹತ್ತು ನಿಮಿಷ ತಡವಾಗಿ. ಗುರುತು ಹಾಕಬೇಕೋ ಬೇಡವೋ ಅನ್ನುವುದು ಲೈನ್ ಲೀಡರಿನ ಕೈಯಲ್ಲಿತ್ತು. ಹಾಕಿದೆ. ಸ್ನೇಹ ನೋಡುತ್ತಾಳೆ ಅಂತ ಯಾರೂ ಅನ್ನಬಾರದಲ್ಲ. ಬೇಸಿಗೆಯದು ಒಂದು ಇತ್ತು. ಇದು ಎರಡನೆಯದು.

"ಆಯ್ತು ಬಿಡು. ನಿನಗೂ ಕಷ್ಟ ಉಂಟು" ಅಂದರು ಗ್ಲ್ಯಾಡಿಸ್ ಬಾಯಿ. ಅದಾದ ಮೇಲೆ ನನ್ನ 'ಐತಿ'ಯನ್ನು ತಿದ್ದುವುದು ಬಿಟ್ಟರು.

ಜನವರಿಯಲ್ಲಿ ಒಂದು ವಾರ ಸೂರ್ಯ ಕಾಣಲಿಲ್ಲ. ಕೆನಾಲಿನ ಮೇಲೆ ಗಾಜಿನಂಥ ಹಿಮದ ಪದರ ಕಟ್ಟಿತ್ತು. ಬಾತುಕೋಳಿಗಳು ಅದರ ಮೇಲೆ ಜಾರುತ್ತ ನಡೆಯುತ್ತಿದ್ದವು. ಮಂಗಳವಾರ ಟಿವಿಯಲ್ಲಿ ಹೇಳಿದರು, ಮರುದಿನ ಬರುವ ಗಾಳಿಗೆ ಕೆಂಪು ಎಚ್ಚರಿಕೆ, ಜೀವಕ್ಕೆ ಅಪಾಯವಿದೆ, ಮನೆಯಿಂದ ಹೊರಗೆ ಬರಬೇಡಿ. ಅವತ್ತು ನನಗೆ ರಜೆಯಿತ್ತು, ಸಂಜೆ ಗ್ರೆಗ್ ಫೋನು ಮಾಡಿದ. "ಸುಜಾತಾ, ನೀನು ನಾಳೆ ಬೆಳಿಗ್ಗೆ ಗಾಳಿ ಏಳುವ ಮುಂಚೆಯೇ ಬಂದುಬಿಡು. ಮಧ್ಯಾಹ್ನದ ಲೈನ್ ನಡೆಯಲೇಬೇಕು." ನನ್ನನ್ನು ಕ್ಷೇಮವಾಗಿ ಒಳಗೆ ತಂದುಕೊಳ್ಳುವ ಬುದ್ಧಿ ಅವನಿಗಿತ್ತು. ಆರು ಗಂಟೆಗೆ ಬಂದು ಕೂತೆ.

ಹತ್ತು ಗಂಟೆಗೆ ಶುರುವಾಯಿತು. ಗಾಳಿಗೆ ಅಂಥ ಸ್ವರ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕಟ್ಟಡದ ತಗಡೆಲ್ಲ ಒಟ್ಟಿಗೆ ನರಳಿದ ಹಾಗೆ. ಎಲ್ಲರ ಫೋನುಗಳು ಏಕಕಾಲಕ್ಕೆ ಕಿರುಚಿ, ಹೊರಗೆ ಹೋಗಬೇಡಿ ಅನ್ನುವ ಸಂದೇಶ ತೋರಿಸಿದವು. ಹನ್ನೊಂದೂವರೆಗೆ ಗ್ರೆಗ್ ಹೆಸರಿನ ಪಟ್ಟಿ ತಂದು ನನ್ನ ಮುಂದಿಟ್ಟ.

"ಬನ್ನಿ ಅಂತ ಒತ್ತಾಯ ಮಾಡಬೇಡ. ಅದು ತಪ್ಪಾಗುತ್ತದೆ. ಫ್ಯಾಕ್ಟರಿ ತೆರೆದಿದೆ ಅಂತ ಹೇಳು. ಅಷ್ಟು ಸಾಕು."

ನಾನು ಹನ್ನೊಂದು ಜನಕ್ಕೆ ಫೋನು ಹಚ್ಚಿದೆ. ಆರು ಜನ ಎತ್ತಲೇ ಇಲ್ಲ, ಜಾಣರು. ನಾಲ್ಕು ಜನ ಬರುತ್ತೇವೆ ಅಂದರು, ಹತ್ತಿರದಲ್ಲಿ ಇರುವವರು. ಲೈನ್ ನಡೆಯಲು ನನ್ನನ್ನು ಸೇರಿಸಿ ಆರು ಜನ ಬೇಕು. ಒಬ್ಬರು ಕಡಿಮೆ. ಹನ್ನೊಂದನೆಯ ಹೆಸರು ಗ್ಲ್ಯಾಡಿಸ್ ಬಾಯಿಯದು. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

"ಹೇಗೆ ಬರುವುದು ಮಾರಾಯ್ತಿ? ಟ್ಯೂಬ್ ಇಲ್ಲ, ಬಸ್ ಇಲ್ಲ. ಎದುರಿನ ಮನೆಯ ಬೇಲಿ ಹಾರಿ ನಮ್ಮ ಕಿಟಕಿಗೆ ಬಂದು ಬಿತ್ತು, ಗೊತ್ತುಂಟಾ?"

"ನನಗ ತಿಳೀತೈತ್ರಿ. ಆದ್ರ ಫ್ಯಾಕ್ಟರಿ ತಗದೈತಿ. ಬರಲಿಲ್ಲಂದ್ರ..." ಅಂತ ಅಲ್ಲಿಗೇ ನಿಲ್ಲಿಸಿದೆ.

ಅವರು ಕೇಳಿದರು, "ಮೂರನೆಯದ್ದು ಹಾಕ್ತೀಯಾ?"

"ನಾ ಏನ್ ಮಾಡ್ಲಿ ಹೇಳ್ರಿ? ನನ್ನ ಕೈಯಾಗೇನೈತಿ?"

ನನ್ನ ಕೈಯಲ್ಲೇ ಇತ್ತು.

"ರಸ್ತೆಯಲ್ಲಿ ಮರ ಬಿದ್ದಿದೆಯಂತೆ, ಪೊಲೀಸರು ಬಿಡುವುದಿಲ್ಲ."

"ಕೆನಾಲ್ ದಂಡಿಗುಂಟ ಬರ್ರಿ. ಇಪ್ಪತ್ತೈದು ಮಿನಿಟಿನ ದಾರಿ. ಹಿಂದಿನ ಗೇಟಿನ ಕೀಲಿ ನನ್ನ ಹತ್ರ ಐತಿ. ನಾ ತಗದು ನಿಂತಿರ್ತೀನಿ."

"ಈ ಗಾಳಿಗೆ ನೀರಿನ ಬದಿಯಲ್ಲಾ?"

"ಏನಾಗೂದಿಲ್ಲ ಬರ್ರಿ. ಎಷ್ಟು ಮಂದಿ ದಿನಾ ಓಡಾಡ್ತಾರ."

ಇದಿಷ್ಟೇ ಮಾತು. ಎರಡು ನಿಮಿಷವೂ ಇಲ್ಲ.

ಒಂದೂವರೆಗೆ ಹೋಗಿ ಗೇಟು ತೆಗೆದೆ. ಫೋರ್ಕ್‌ಲಿಫ್ಟ್ ನಡೆಸುವ ಮಿಹಾಯ್ ಅನ್ನುವ ರೊಮೇನಿಯಾದವನು ಅಂಗಳದಲ್ಲಿ ಹಾರುತ್ತಿದ್ದ ಖಾಲಿ ಪೆಟ್ಟಿಗೆಗಳನ್ನು ಕಟ್ಟುತ್ತಿದ್ದ. ಗೇಟಿನ ಕಬ್ಬಿಣ ಹಿಡಿದು ನಿಂತರೂ ಗಾಳಿ ನನ್ನನ್ನು ಕೀಳುತ್ತಿತ್ತು. ಹಿಮದ ಪುಡಿ ಕಣ್ಣಿಗೆ ಮರಳಿನಂತೆ ಹೊಡೆಯುತ್ತಿತ್ತು. ದೂರದಲ್ಲಿ ಸೇತುವೆಯ ಕೆಳಗಿನಿಂದ ಗ್ಲ್ಯಾಡಿಸ್ ಬಾಯಿ ಬರುವುದು ಕಂಡಿತು. ಗಂಡನ ಕರಿ ಉಣ್ಣೆ ಕೋಟು ಹಾಕಿಕೊಂಡಿದ್ದರು, ಮೊಣಕಾಲು ದಾಟುವಷ್ಟು ಉದ್ದ. ನೀರಿನಿಂದ ದೂರ, ಗೋಡೆಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ ಅಳೆದು ಇಡುತ್ತಿದ್ದರು. ನನ್ನನ್ನು ನೋಡಿ ಕೈ ಎತ್ತಿದರು. ನಾನೂ ಎತ್ತಿದೆ. ಐವತ್ತು ಹೆಜ್ಜೆಯಷ್ಟೂ ಉಳಿದಿರಲಿಲ್ಲ.

ಗೋಡೆಯಾಚೆಯ ಅಂಗಳದಿಂದ ಒಂದು ಹಲಗೆ, ಬೇಲಿಯದೋ ಏನೋ, ಎದ್ದು ಬಂತು. ಅದು ಅವರಿಗೆ ತಾಗಲಿಲ್ಲ. ತಾಗುತ್ತದೆ ಅಂತ ಪಕ್ಕಕ್ಕೆ ಸರಿದರು, ಅಷ್ಟೇ. ಕಾಲಡಿಯ ಹಿಮ ಜಾರಿತು. ಕೂಗಲೂ ಇಲ್ಲ. ಗಾಜು ಒಡೆದಂಥ ಸಪ್ಪಳವಾಯಿತು, ದಾರಿ ಖಾಲಿಯಾಯಿತು.

ನಾನೂ ಮಿಹಾಯನೂ ಓಡಿದೆವು. ಆ ಕೆನಾಲು ಆಳವೇನಲ್ಲ, ಎದೆಮಟ್ಟದ ನೀರು. ಆದರೆ ಕೆಳಗೆಲ್ಲ ಹೂಳು, ದಂಡೆ ನೆಟ್ಟಗಿನ ಕಬ್ಬಿಣದ ಗೋಡೆ, ಹಿಡಿಯಲು ಏನೂ ಇಲ್ಲ. ಗ್ಲ್ಯಾಡಿಸ್ ಬಾಯಿ ಒಮ್ಮೆ ಮುಳುಗಿ ಎದ್ದರು. ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದರು. ಆಮೇಲೆ ನಾನು ನೋಡುತ್ತಿದ್ದಂತೆಯೇ, ಆ ಹೆಂಗಸು ತಲೆಯನ್ನು ಹಿಂದಕ್ಕೆ ಹಾಕಿ, ಕಿವಿ ಮುಳುಗಿಸಿ, ಎರಡೂ ಕೈ ಚಾಚಿ ಆಕಾಶ ನೋಡುತ್ತ ತೇಲಿದರು. ಸುತ್ತ ಹಿಮದ ಚೂರುಗಳು. ಆ ದೊಡ್ಡ ಕೋಟು ರೆಕ್ಕೆಯಂತೆ ಬಿಚ್ಚಿಕೊಂಡಿತ್ತು.

ಮಿಹಾಯ್ ಬೂಟು ಬಿಚ್ಚತೊಡಗಿದ. ನೀರಿನಿಂದಲೇ ಅವರು ಇಂಗ್ಲಿಷಿನಲ್ಲಿ ಕೂಗಿದರು, "ಹಾರಬೇಡ! ಮಲಗು! ಮಲಗಿ ಎಸೆ!"

ಕಂಬದ ಮೇಲೆ, ನೀರಿಗೆ ಬಿದ್ದವರಿಗೆ ಎಸೆಯುವ ಕೆಂಪು ರಕ್ಷಣಾ ಬಳೆ ಇರಬೇಕಾದ ಜಾಗ ಖಾಲಿಯಿತ್ತು. ಯಾವಾಗಲೋ ಯಾರೋ ಒಯ್ದಿದ್ದರು. ಪೆಟ್ಟಿಗೆ ಕಟ್ಟುವ ಪಟ್ಟಿ ಎಸೆದೆವು. ಗಾಳಿ ಅದನ್ನು ನಮ್ಮ ಮುಖಕ್ಕೇ ತಂದು ಹೊಡೆಯಿತು. ಮಿಹಾಯ್ ಓಡಿಹೋಗಿ ಅಂಗಳ ತೊಳೆಯುವ ರಬ್ಬರ್ ಪೈಪು ತಂದ. ಹೊಟ್ಟೆಯ ಮೇಲೆ ಮಲಗಿದ. ಅವನ ಕಾಲ ಮೇಲೆ ನಾನು ಕೂತೆ. ಮೂರನೆಯ ಸಲ ಪೈಪು ಅವರ ಕೈಗೆ ಸಿಕ್ಕಿತು. ಆದರೆ ಬೆರಳುಗಳು ಹಿಡಿಯಲಿಲ್ಲ. ಕೊನೆಗೆ ತೋಳಿಗೆ ಸುತ್ತಿಕೊಂಡರು. ದಂಡೆಗೆ ಎಳೆದೆವು, ಕೋಟು ಕಲ್ಲಿನಷ್ಟು ಭಾರ. ಒಟ್ಟು ಎಷ್ಟು ಹೊತ್ತಾಯಿತು ಅಂತ ಆಮೇಲೆ ಬಹಳ ಜನ ಕೇಳಿದರು. ನನಗೆ ಗೊತ್ತಿಲ್ಲ. ಕಾಲು ತಾಸು ಇರಬಹುದು.

ದಂಡೆಯ ಮೇಲೆ ಬಿದ್ದುಕೊಂಡು, ನೀಲಿ ತುಟಿಯಲ್ಲಿ ನಕ್ಕರು. "ಸಾಯಲಿಲ್ಲ ಮಾರಾಯ್ತಿ."

ನೀರಿನಲ್ಲಿ ಅವರು ಮಾಡಿದ್ದೆಲ್ಲ ಸರಿಯಿತ್ತು. ಆಮೇಲೆ ಅವರು ನಮ್ಮ ಕೈಗೆ ಸಿಕ್ಕರು.

ಒಬ್ಬೊಬ್ಬರು ಒಂದೊಂದು ರಟ್ಟೆ ಹಿಡಿದು ನಡೆಸಿಕೊಂಡು ಒಳಗೆ ಹೋದೆವು. ಕೂರುತ್ತೇನೆ ಅಂದರು, "ನಡೀರಿ, ನಡದ್ರ ಮೈ ಬೆಚ್ಚಗಾಗ್ತೈತಿ" ಅಂದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಷವರ್ ಇತ್ತು. ಒದ್ದೆ ಬಟ್ಟೆ ಬಿಚ್ಚಿ ಬಿಸಿನೀರಿನ ಕೆಳಗೆ ನಿಲ್ಲಿಸಿದೆ, ತಡೆಯುವಷ್ಟು ಬಿಸಿ. ಹಳದಿಗಟ್ಟಿದ ಆ ಕಾಲುಗಳನ್ನು, ಕೈಗಳನ್ನು ತಿಕ್ಕಿದೆ. ನಮ್ಮವ್ವ ಜ್ವರ ಬಂದಾಗ ನನ್ನ ಅಂಗಾಲು ತಿಕ್ಕುತ್ತಿದ್ದ ಹಾಗೆ, ಜೀವ ಹಾಕಿ ತಿಕ್ಕಿದೆ. ಒರೆಸಿ, ಯಾರದೋ ಸ್ವೆಟರ್ ಹಾಕಿ, ಬೆಂಚಿನ ಮೇಲೆ ಕೂರಿಸಿದೆ. ಹಲ್ಲು ಕಟಕಟ ಅನ್ನುವಷ್ಟು ನಡುಗುತ್ತಿದ್ದವರ ನಡುಕ ಸ್ವಲ್ಪ ಹೊತ್ತಿಗೆ ನಿಂತಿತು. ಆರಾಮಾತು ಅಂದುಕೊಂಡೆ.

ಗ್ರೆಗ್ ಬಾಗಿಲ ಹೊರಗೆ ನಿಂತು ಆಂಬುಲೆನ್ಸಿಗೆ ಫೋನು ಮಾಡಿದ. "ಹೌದು, ಎಚ್ಚರವಿದ್ದಾರೆ. ಮಾತಾಡುತ್ತಿದ್ದಾರೆ. ಚೆನ್ನಾಗಿದ್ದಾರೆ" ಅನ್ನುವುದು ನನಗೆ ಕೇಳಿಸಿತು. ಎಲ್ಲ ಕಡೆ ಮರ ಬಿದ್ದಿವೆ, ತಡವಾಗುತ್ತದಂತೆ ಅಂತ ಒಳಗೆ ಇಣುಕಿ ಹೇಳಿದ. ಆಮೇಲೆ ಗಡಿಯಾರ ನೋಡಿದ. ಎರಡೂ ಕಾಲು. ಫಸ್ಟ್ ಏಡ್ ತಿಳಿದವನು ಅವತ್ತು ಬಂದಿರಲಿಲ್ಲ.

"ಕ್ಲೀನರ್ ಫಾತಿಮಾ ಇವರ ಹತ್ತಿರ ಕೂರಲಿ. ಸುಜಾತಾ, ನೀನು ಲೈನ್ ಶುರು ಮಾಡು. ಐದು ಜನರಲ್ಲೇ ನಡೆಸು, ನಿಧಾನಕ್ಕೆ ನಡೆಯಲಿ."

ನಾನು ಎದ್ದೆ. ಗ್ಲ್ಯಾಡಿಸ್ ಬಾಯಿ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಇರಲಿಲ್ಲ, ಕೈ ಸುಮ್ಮನೆ ನನ್ನ ಕೈಯ ಮೇಲೆ ಬಂದು ಕೂತಿತು.

"ಸ್ವಲ್ಪ ಕೂತ್ಕೊ. ನನಗೆ ಒಂಥರಾ ಆಗ್ತದೆ."

"ಹತ್ತು ಮಿನಿಟ್ರಿ. ಲೈನ್ ಹಚ್ಚಿ ಬಂದೇಬಿಡ್ತೀನಿ."

ಇದನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಗ್ರೆಗ್ ನನ್ನ ಕುತ್ತಿಗೆ ಹಿಡಿದು ಎಳೆದುಕೊಂಡು ಹೋಗಲಿಲ್ಲ. ಬರುವುದಿಲ್ಲ ಅಂದಿದ್ದರೆ ಗೊಣಗುತ್ತಿದ್ದ, ಅಷ್ಟೇ. ನಾನೇ ಹೋದೆ. ಹಸಿರು ಟೊಪ್ಪಿಗೆ ಹಾಕಿಕೊಂಡೆ, ಬೂಟು ಬದಲಿಸಿದೆ, ನಿಯಮದ ಪ್ರಕಾರ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಬೆಲ್ಟು ಹೊರಟಿತು. ಜನ ಕಡಿಮೆಯಿದ್ದುದರಿಂದ ಗ್ಲ್ಯಾಡಿಸ್ ಬಾಯಿಯ ಜಾಗದಲ್ಲಿ ನಾನೇ ನಿಂತು ಅನ್ನ ಹಾಕಿದೆ.

ನಮ್ಮ ಕೋಣೆಗೂ ಹೊರಗಿನ ಓಣಿಗೂ ನಡುವೆ ಗಾಜಿನ ಕಿಟಕಿಯಿತ್ತು. ಕೂದಲಿಗೆ ಜಾಳಿಗೆ, ಬೂಟು ಇಲ್ಲದವರು ಒಳಗೆ ಬರುವಂತಿಲ್ಲ. ಫಾತಿಮಾ ಬಂದು ಆ ಗಾಜು ಬಡಿದಳು. ಅರವತ್ತು ದಾಟಿದ ಸೊಮಾಲಿಯಾದ ಮುದುಕಿ. ಯಂತ್ರದ ಸದ್ದಿನಲ್ಲಿ ಏನು ಹೇಳುತ್ತಿದ್ದಾಳೆಂದು ಕೇಳಿಸಲಿಲ್ಲ. ನಾನು ಐದು ಬೆರಳು ತೋರಿಸಿದೆ, ಐದು ನಿಮಿಷ. ಆಕೆ ಮತ್ತೆ ಬಡಿದಳು, ಎರಡೂ ಅಂಗೈಯಿಂದ. ನಾನು ತಲೆಯಾಡಿಸಿ, ಅರ್ಧಕ್ಕೆ ನಿಂತಿದ್ದ ಪೆಟ್ಟಿಗೆ ತುಂಬಿಸಿದೆ. ತುಂಬಿದ ಮೇಲೆ ಹೋದೆ.

ಗ್ಲ್ಯಾಡಿಸ್ ಬಾಯಿ ಬೆಂಚಿನಿಂದ ನೆಲಕ್ಕೆ ಬಿದ್ದಿದ್ದರು. ಫಾತಿಮಾ ಅವರ ತಲೆ ತೊಡೆಯ ಮೇಲಿಟ್ಟುಕೊಂಡು ತನ್ನ ಭಾಷೆಯಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದಳು. ಮಿಹಾಯ್ ಎದೆ ಒತ್ತಿದ, ನಾನು ಒತ್ತಿದೆ, ಮತ್ತೆ ಮಿಹಾಯ್ ಒತ್ತಿದ. ಆಂಬುಲೆನ್ಸಿನವರು ಬಂದಾಗ ಮೂರೂಕಾಲು. ಅವರೂ ಬಹಳ ಹೊತ್ತು ಒದ್ದಾಡಿದರು. ಕೊನೆಗೆ ಅದರಲ್ಲಿದ್ದ ಹುಡುಗಿ ಎದ್ದು ನಿಂತು, ಒದ್ದೆಯಾಗಿದ್ದ ಷವರ್ ನೋಡಿ ಕೇಳಿದಳು, "ಬಿಸಿನೀರು ಯಾರು ಹಾಕಿದ್ದು?"

"ನಾನು."

ಅವಳು ಬರೆದುಕೊಂಡಳು.

ಶವ ಒಯ್ದ ಮೇಲೆ ನಾನು ನೋಟಿಸ್ ಬೋರ್ಡಿನ ಹತ್ತಿರ ಹೋಗಿ, ಶಿಫ್ಟಿನ ಪಟ್ಟಿ ಎತ್ತಿ, ಅದರ ಕೆಳಗಿನ ಹಾಳೆ ಓದಿದೆ. ಮಲಗಿಸಿ, ನಡೆಸಬೇಡಿ. ಒಣಬಟ್ಟೆ, ಕಂಬಳಿ. ಕೈಕಾಲು ತಿಕ್ಕಬೇಡಿ. ಬಿಸಿನೀರಿನ ಸ್ನಾನ ಬೇಡ, ಹೃದಯ ನಿಲ್ಲಬಹುದು. ನಡುಕ ತಾನಾಗಿ ನಿಂತರೆ ಸುಧಾರಿಸಿತು ಅಂದುಕೊಳ್ಳಬೇಡಿ, ಅದೇ ಅಪಾಯ. ಒಬ್ಬರನ್ನೇ ಬಿಟ್ಟು ಹೋಗಬೇಡಿ, ಕ್ಷಣಕ್ಷಣವೂ ಗಮನವಿರಲಿ. ಮಕ್ಕಳಿಗೂ ತಿಳಿಯುವ ಇಂಗ್ಲಿಷು, ಪಕ್ಕದಲ್ಲಿ ಚಿತ್ರಗಳು. ಹನ್ನೆರಡು ವರ್ಷ ವಿಜ್ಞಾನ ಕಲಿಸಿದವಳು ನಾನು.

ವಿಚಾರಣೆಗೆ ಬಂದವರು ಮರ್ಯಾದೆಯಿಂದ ಮಾತಾಡಿದರು. ಕೆನಾಲಿನ ದಾರಿ ಹಿಡಿಯಲು ಗ್ಲ್ಯಾಡಿಸ್ ಬಾಯಿಗೆ ಯಾರಾದರೂ ಹೇಳಿದ್ದರೇ ಅಂತ ಕೇಳಿದರು. ಗ್ರೆಗ್ ಮೇಜಿನ ಆ ಬದಿಯಲ್ಲಿ ಕೂತು ತನ್ನ ಪೆನ್ನನ್ನೇ ನೋಡುತ್ತಿದ್ದ. "ಎಲ್ಲರಿಗೂ ಒಂದೇ ಮಾತು ಹೇಳಿದೆ, ಫ್ಯಾಕ್ಟರಿ ತೆರೆದಿದೆ ಅಂತ. ಯಾವ ದಾರಿಯಿಂದ ಬರುತ್ತಾರೋ ಅವರವರ ಇಷ್ಟ" ಅಂದೆ. ನನ್ನ ದನಿ ನಡುಗಲಿಲ್ಲ. ಗೇಟಿನ ಬಳಿ ಯಾಕೆ ನಿಂತಿದ್ದೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಉತ್ತರ ಸಿದ್ಧಪಡಿಸಿಕೊಂಡಿದ್ದೆ. ಆಕಸ್ಮಿಕ ಸಾವು ಅಂತಾಯಿತು. ಎರಡು ವಾರದ ಮೇಲೆ ಫ್ಯಾಕ್ಟರಿಯವರು ನನಗೂ ಮಿಹಾಯ್‌ಗೂ ಒಂದೊಂದು ಪ್ರಶಂಸಾಪತ್ರ ಕೊಟ್ಟರು, ಸಹೋದ್ಯೋಗಿಯನ್ನು ನೀರಿನಿಂದ ಎತ್ತಿದ ಧೈರ್ಯಕ್ಕೆ. ಮಿಹಾಯ್ ತನ್ನದನ್ನು ಅಲ್ಲೇ ಎರಡು ಹೋಳು ಮಾಡಿ ಕಸದ ಡಬ್ಬಿಗೆ ಹಾಕಿ ಹೋದ. ಮತ್ತೆ ಆ ಫ್ಯಾಕ್ಟರಿಗೆ ಬರಲಿಲ್ಲ. ನಾನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ.

ಫೆಬ್ರುವರಿಯಲ್ಲಿ, ಗ್ಲ್ಯಾಡಿಸ್ ಬಾಯಿ ತೀರಿ ತಿಂಗಳಾದದ್ದಕ್ಕೆ, ಅವರ ಚರ್ಚಿನಲ್ಲಿ ಪೂಜೆ. ಮುಗಿದ ಮೇಲೆ ಹತ್ತಿಪ್ಪತ್ತು ಜನ ಅವರ ಫ್ಲಾಟಿಗೆ ಹೋದೆವು. ಕೋಣೆ ತುಂಬ ಕೊಂಕಣಿ, ನಡುವೆ ನಾನೊಬ್ಬಳು. ರೀನಾ ಚಹಾ ತಂದು ಕೊಟ್ಟು ನನ್ನ ಪಕ್ಕ ಕೂತಳು. ತಾಯಿಯದೇ ಮುಖ. ಇಂಗ್ಲಿಷಿನಲ್ಲಿ ಕೇಳಿದಳು, "ಆಂಟಿ, ಒಂದು ಮಾತು ನನಗೆ ತಿಳಿಯುತ್ತಿಲ್ಲ. ಅಮ್ಮ ಗಾಳಿಯಲ್ಲಿ ನೀರಿನ ಹತ್ತಿರ ಹೋಗುವವಳೇ ಅಲ್ಲ. ಚಿಕ್ಕವಳಿದ್ದಾಗ ನನಗೂ ಹೋಗಲು ಬಿಡುತ್ತಿರಲಿಲ್ಲ. ಯಾಕೆ ಹೋದಳು?"

"ಬಸ್ ಇರಲಿಲ್ಲವಲ್ಲ, ತಂಗಿ" ಅಂದೆ.

ಎದುರಿನ ಕುರ್ಚಿಯಲ್ಲಿದ್ದ ಡೆನಿಸ್ ಅವರು ತಲೆ ಎತ್ತಿ ನನ್ನನ್ನು ನೋಡಿದರು.

ಹೊರಡುವಾಗ ಕೆಳಗಿನವರೆಗೆ ಬಿಡುತ್ತೇನೆ ಅಂತ ನನ್ನ ಜೊತೆ ಲಿಫ್ಟಿಗೆ ಬಂದರು. ಬಾಗಿಲು ಮುಚ್ಚಿತು. ನನ್ನ ಕಡೆ ನೋಡದೆ, ಕೆಂಪಗೆ ಹೊಳೆಯುತ್ತಿದ್ದ ಮಹಡಿಯ ಅಂಕಿಯನ್ನು ನೋಡುತ್ತ ಹೇಳಿದರು, "ಅವತ್ತು ಫೋನು ಸ್ಪೀಕರಿನಲ್ಲಿ ಇತ್ತು. ಅವಳು ಮೀನು ಕೊಯ್ತಾ ಇದ್ದಳು, ಕೈ ಒದ್ದೆ."

ನಾನು ಅವರ ಕಡೆ ತಿರುಗಿದೆ. "ಡೆನಿಸ್ ಅವರೇ, ನಾನು..."

"ಹೋಗುವುದಿಲ್ಲ ಅಂದಳು ಫೋನು ಇಟ್ಟ ಮೇಲೆ. ಮೂರನೆಯದ್ದು ಬಿದ್ದರೆ ಬೀಳಲಿ, ಮನೆಯಲ್ಲಿ ಇರ್ತೇನೆ ಅಂದಳು. ಹೋಗು ಅಂದದ್ದು ನಾನು. ರೀನಾಳ ಓದು ಮುಗಿಯುವವರೆಗೆ ಕೆಲಸ ಬಿಡಬೇಡ ಅಂದೆ. ನನ್ನ ಕೋಟು ನಾನೇ ತೊಡಿಸಿದೆ." ಅವರ ದನಿ ಒಂದೇ ಸಮ ಇತ್ತು. "ರೀನಾಳಿಗೆ ನೀವು ಹೇಳಬೇಡಿ. ನಿಮ್ಮದು ಹೇಳಿದರೆ ಅವಳು ನನ್ನದೂ ಕೇಳ್ತಾಳೆ. ನನಗೆ ಇರುವುದು ಅವಳೊಬ್ಬಳೇ."

ಬಾಗಿಲು ತೆರೆಯಿತು. ಆಗಲಿ ಅಂದೆ. ಅವರು ಹೊರಗೆ ಬರಲಿಲ್ಲ, ಮೇಲಿನ ಗುಂಡಿ ಒತ್ತಿದರು.

ನಾನು ಮಾರ್ಚಿನಲ್ಲಿ ಕೆಲಸ ಬಿಟ್ಟೆ. ಬಿಟ್ಟೆ ಅಂತ ಹೇಳಿಕೊಳ್ಳುವುದರಲ್ಲಿ ದೊಡ್ಡತನವೇನೂ ಇಲ್ಲ, ಕ್ವೀನ್ಸ್‌ಬರಿಯ ನಮ್ಮ ಮನೆಯ ಹತ್ತಿರದ ಅಂಗಡಿಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಕೊಟ್ಟ ಮಾತನ್ನು ಆರು ವರ್ಷದಿಂದ ನಡೆಸಿದ್ದೇನೆ. ರೀನಾಗೆ ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂತು. ಡೆನಿಸ್ ಅವರು ಓದಿದರೆ ಓದಲಿ.

ಹೋದ ಬೇಸಿಗೆಯಲ್ಲಿ ರೀನಾಳ ಮದುವೆಯಾಯಿತು. ಚರ್ಚಿನ ಪಕ್ಕದ ಹಾಲಿನಲ್ಲಿ ಊಟ. ಬಿಳಿ ಉಡುಪಿನಲ್ಲಿ ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಕೈ ಹಿಡಿದು ಗಂಡನ ಮನೆಯವರ ಮೇಜಿಗೆ ಕರೆದೊಯ್ದಳು. ಅತ್ತೆಗೆ, ಮಾವನಿಗೆ, ಅವರ ಬಳಗದವರಿಗೆಲ್ಲ ಕೇಳುವಂತೆ ಹೇಳಿದಳು, "ಅಮ್ಮನನ್ನು ನೀರಿನಿಂದ ಎತ್ತಿದ ಸುಜಾತಾ ಆಂಟಿ ಇವರೇ." ಅವರೆಲ್ಲ ಎದ್ದು ನಿಂತರು. ಒಬ್ಬ ಹಿರಿಯರು ನನಗೆ ಕೈ ಮುಗಿದರು. ಡೆನಿಸ್ ಅವರು ಎಲ್ಲಿದ್ದರೋ, ತಟ್ಟೆಯಲ್ಲಿ ಅವರ ಕಡೆಯ ಬಿಸಿ 'ಸಣ್ಣ' ಇಡ್ಲಿ, ನನಗೆಂದೇ ಬೇರೆ ಮಾಡಿಸಿದ್ದ ತರಕಾರಿ ಪಲ್ಯ ಹಾಕಿ ತಂದು ನನ್ನ ಕೈಗೆ ಕೊಟ್ಟರು.

"ಊಟ ಮಾಡಿ" ಅಂದರು.

ಅವರೆಲ್ಲರ ಮುಂದೆ ಕೂತು, ತಟ್ಟೆ ಖಾಲಿಯಾಗುವವರೆಗೆ ಉಂಡೆ.